ಮಂಡಿ ಹೇಳಿದ ಅಳತೆ

ಮೈಸೂರಿನ ಒಂಟಿಕೊಪ್ಪಲಿನ ಆ ಮನೆಯ ಮುಂದೆ ಅಂದು ಬೆಳಿಗ್ಗೆ ಎರಡು ಕಾರುಗಳು ನಿಂತಿದ್ದವು. ಮಗನದು ಬಡ್ತಿಯ ಖುಷಿಗೆ ಕೊಂಡ ಉದ್ದನೆಯ ಸೆಡಾನ್. ಮಗಳದು ಹಳೆಯ ವ್ಯಾಗನ್‌ಆರ್. ಎಲ್ಲರೂ ನಂಜನಗೂಡಿಗೆ ಹೊರಟಿದ್ದರು. ಎಪ್ಪತ್ತೆಂಟರ ತಾಯಿ ಮಾತ್ರ ಹೊಸಿಲ ಬಳಿ ನಿಂತು, "ನೀವು ಹೋಗಿ ಬನ್ನಿ, ನಾನು ಬರೋಲ್ಲ" ಎಂದರು.

ಒಂದು ವರ್ಷದಿಂದ ಅವರದು ಇದೇ ಮಾತು. ಮದುವೆಗೂ ಇಲ್ಲ, ಗೃಹಪ್ರವೇಶಕ್ಕೂ ಇಲ್ಲ. ವಯಸ್ಸಾಯಿತು, ಯಾವುದರಲ್ಲೂ ಆಸಕ್ತಿ ಉಳಿದಿಲ್ಲ ಎಂದು ಮನೆಯವರು ತೀರ್ಮಾನಿಸಿಬಿಟ್ಟಿದ್ದರು.

ಹಾಗೆಂದು ಅವರೇನು ಕಾರಿಗೆ ಹೊಸಬರಲ್ಲ. ವಕೀಲರಾಗಿದ್ದ ಯಜಮಾನರ ಕಾಲದಲ್ಲಿ ಮನೆಯಲ್ಲಿ ಅಂಬಾಸಿಡರ್ ಇತ್ತು. 2014ರಲ್ಲಿ ತಯಾರಿಕೆ ನಿಲ್ಲುವವರೆಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದೇಶದ ರಸ್ತೆಗಳನ್ನು ಆಳಿದ ಗಾಡಿ ಅದು. ಉದ್ದ 4.3 ಮೀಟರ್. ಮುಂದೆ ಬೆಂಚಿನಂಥ ಒಂದೇ ಸೀಟು, ಗೇರು ಸ್ಟೀರಿಂಗ್ ಪಕ್ಕದಲ್ಲಿ. ಹಾಗಾಗಿ ಮುಂದೆ ಮೂವರು, ಹಿಂದೆ ನಾಲ್ವರು, ತೊಡೆಯ ಮೇಲಿನ ಮಕ್ಕಳು ಲೆಕ್ಕಕ್ಕಿಲ್ಲ! ಹಿಂದಿನ ಸೀಟಿನ ನಡುವೆ ಮಾತ್ರ ಕಾಲಿಗೆ ಒಂದು ದಿಬ್ಬ ಅಡ್ಡ ಬರುತ್ತಿತ್ತು. ಆ ಜಾಗ ಯಾವಾಗಲೂ ಮನೆಯ ಕಿರಿಯರಿಗೆ ಮೀಸಲು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಉದ್ದ 3.3 ಮೀಟರ್. ವಕೀಲರು ಅದನ್ನು ಕೊಂಡು ತಂದಾಗ ನೆರೆಯವರು 'ಬೆಂಕಿಪೆಟ್ಟಿಗೆ' ಎಂದು ನಕ್ಕರು. ಆದರೂ ಅದರಲ್ಲಿ ನಾಲ್ವರು ಕೂತು ಊರು ಸುತ್ತಿದರು. ಹಾಗಾದರೆ ಕಡಿಮೆಯಾದ ಆ ಒಂದು ಮೀಟರ್ ಹೋದದ್ದೆಲ್ಲಿಗೆ? ಹೆಚ್ಚಿನದು ಮೂತಿ ಮತ್ತು ಬಾಲಕ್ಕೆ. ಅಂಬಾಸಿಡರ್‌ನಲ್ಲಿ ಎಂಜಿನ್ ಉದ್ದಕ್ಕೆ ಕೂತಿತ್ತು. ಹಿಂದಿನ ಚಕ್ರ ತಿರುಗಿಸುವ ದಂಡ ಕಾಲಡಿಯಲ್ಲೇ ಹಾದುಹೋಗುತ್ತಿತ್ತು. ದಿಬ್ಬ ಇದ್ದದ್ದು ಅದಕ್ಕೇ. ಮಾರುತಿಯಲ್ಲಿ ಎಂಜಿನ್ ಅಡ್ಡಕ್ಕೆ ಕೂತು ಮುಂದಿನ ಚಕ್ರಗಳನ್ನೇ ತಿರುಗಿಸುತ್ತಿತ್ತು. 1959ರಲ್ಲಿ ಬ್ರಿಟನ್ನಿನಲ್ಲಿ ಅಲೆಕ್ ಇಸಿಗೋನಿಸ್ ಹತ್ತೇ ಅಡಿ ಉದ್ದದ 'ಮಿನಿ' ಕಾರಿನಲ್ಲಿ ಮಾಡಿ ತೋರಿಸಿದ ಉಪಾಯ ಇದು. ಹೊರಗಿನ ಉದ್ದವೇ ಒಳಗಿನ ಜಾಗವಲ್ಲ ಎಂಬುದು ಅಂದೇ ಜಗತ್ತಿಗೆ ತಿಳಿಯಿತು.

ಆದರೆ ಜಾಗ ಬೇರೆ, ಸುಖ ಬೇರೆ. ಅದನ್ನು ಅಂದು ತೋರಿಸಿಕೊಟ್ಟವಳು ಮೊಮ್ಮಗಳು. ವ್ಯಾಗನ್‌ಆರ್ ಬಾಗಿಲು ತೆರೆದು, "ಅಜ್ಜಿ, ಬರೋದೇನೂ ಬೇಡ, ಸುಮ್ಮನೆ ಒಂದ್ಸಲ ಕೂತು ನೋಡು" ಎಂದಳು. ಅಜ್ಜಿ ಸೀಟಿಗೆ ಬೆನ್ನು ಮಾಡಿ, ಕುರ್ಚಿಯ ಮೇಲೆ ಕೂರುವಂತೆ ಕೂತರು. ಒಂದೊಂದೇ ಕಾಲನ್ನು ಒಳಗೆ ಎಳೆದುಕೊಂಡರು. ತಲೆ ತಗ್ಗಿಸಬೇಕಾಗಲಿಲ್ಲ, ಸೀರೆಯ ನೆರಿಗೆ ಕೆಡಲಿಲ್ಲ. ಮತ್ತೆ ತಾವಾಗಿಯೇ ಇಳಿದರು. ಇನ್ನೊಮ್ಮೆ ಹತ್ತಿದರು. "ಸರಿ, ನನ್ನ ಕೈಚೀಲ ತಗೊಂಡು ಬಾ" ಎಂದರು.

ಮಗನಿಗೆ ಆಶ್ಚರ್ಯ. "ಅಮ್ಮ, ನನ್ನ ಕಾರಲ್ಲಿ ಕಾಲು ಚಾಚೋಕೆ ಎಷ್ಟೊಂದು ಜಾಗ ಇದೆಯಲ್ಲ!"

"ಚಾಚೋಕೆ ಇದೆ ಕಣೋ, ಏಳೋಕೆ ಇಬ್ಬರು ಬೇಕು. ಛತ್ರದ ಮುಂದೆ ಎಲ್ಲರೂ ನೋಡ್ತಿರುವಾಗ ನನ್ನನ್ನ ಮೂಟೆ ಥರ ಎಳೆದು ಇಳಿಸೋದು ಬೇಡ."

ಮಗ ಮಾತಾಡಲಿಲ್ಲ.

ಗುಟ್ಟು ಇರುವುದು ಸೀಟಿನ ಎತ್ತರದಲ್ಲಿ. ಸೀಟು ಮಂಡಿಗಿಂತ ತಗ್ಗಿನಲ್ಲಿದ್ದರೆ ಏಳುವಾಗ ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಗಾಳಿಯನ್ನು ಸೀಳಿಕೊಂಡು ಓಡಲೆಂದು ಸೆಡಾನ್‌ನ ಚಾವಣಿಯನ್ನು ತಗ್ಗಿಸುತ್ತಾರೆ. ಚಾವಣಿ ತಗ್ಗಿದರೆ ಸೀಟೂ ತಗ್ಗಲೇಬೇಕು. ಎತ್ತರದ ಪುಟ್ಟ ಕಾರಿನಲ್ಲಿ ಜನ ನೆಟ್ಟಗೆ ಕೂರುತ್ತಾರೆ, ಕಾಲು ಮುಂದೆ ಚಾಚದೆ ಕೆಳಗೆ ಇಳಿಯುತ್ತದೆ. ಕಾರಿನ ಉದ್ದ ಕಡಿಮೆಯಿದ್ದರೂ ನಡೆಯುತ್ತದೆ. 1999ರ ಕೊನೆಗೆ ನಮ್ಮ ದೇಶಕ್ಕೆ ಬಂದ ವ್ಯಾಗನ್‌ಆರ್‌ನ ಉಪಾಯ ಇದೇ. ಹಳೆಯ ಅಂಬಾಸಿಡರ್‌ನ ಸೀಟೂ ಎತ್ತರವೇ ಇತ್ತೆಂಬುದನ್ನು ಮರೆಯಬಾರದು.

ದೊಡ್ಡ ಕಾರಿನ ಹಿರಿಮೆ ಸುಳ್ಳೇನಲ್ಲ. ಎರಡು ಜೊತೆ ಚಕ್ರಗಳ ನಡುವಿನ ಅಂತರ ಹೆಚ್ಚಿದ್ದರೆ ಗುಂಡಿಗಳ ಕುಲುಕಾಟ ಕಡಿಮೆ. ಮೂವರು ಭುಜ ತಾಗಿಸಿಕೊಳ್ಳದೆ ಕೂರಬಹುದು. ಅಂದು ಬುತ್ತಿಯ ಡಬ್ಬಿಗಳೂ ನೀರಿನ ಕ್ಯಾನೂ ಮಗನ ಕಾರಿನ ಡಿಕ್ಕಿಯಲ್ಲೇ ಹೋದವು. ಬೆಂಗಳೂರಿನಿಂದ ಬೆಳಗಾವಿಗೆ ಹೋಗುವವರು ಅದನ್ನೇ ಆರಿಸಿಕೊಳ್ಳಲಿ. ಆದರೆ ಕಾರು ಕೊಳ್ಳುವ ಮುನ್ನ ಮನೆಯ ಹಿರಿಯರನ್ನು ಷೋರೂಮಿಗೆ ಕರೆದೊಯ್ದು, ಮೂರು ಸಲ ಹತ್ತಿ ಇಳಿಯಲು ಹೇಳುವುದು ಒಳ್ಳೆಯದು. ಕಾಗದದ ಮೇಲಿನ ಯಾವ ಅಳತೆಯೂ ಹೇಳದ್ದನ್ನು ಅವರ ಮಂಡಿ ಹೇಳುತ್ತದೆ.

ದೇವರ ದರ್ಶನವಾಯಿತು. ಹಿಂದಿರುಗುವಾಗ ಕಿಟಕಿಯಾಚೆ ನೋಡುತ್ತಿದ್ದ ತಾಯಿ ಮಗಳನ್ನು ಕೇಳಿದರು: "ಮುಂದಿನ ಭಾನುವಾರ ಪುರುಸೊತ್ತಿದೆಯೇನೇ? ಕೆ.ಆರ್. ನಗರದಲ್ಲಿ ಅಕ್ಕನ್ನ ನೋಡಿ ಒಂದು ವರ್ಷವಾಯ್ತು."