ಹಸಿದ ಕಲ್ಲು, ತೂಕಡಿಸುವ ಕಾವಲುಗಾರ

ರವೀಂದ್ರನಾಥ ಟ್ಯಾಗೋರರ ‘ಕ್ಷುಧಿತ ಪಾಷಾಣ’ 1895ರಲ್ಲಿ ‘ಸಾಧನಾ’ ಎಂಬ ಬಂಗಾಳಿ ಪತ್ರಿಕೆಯಲ್ಲಿ ಮೊದಲು ಅಚ್ಚಾಯಿತು. 1916ರಲ್ಲಿ ಮ್ಯಾಕ್‌ಮಿಲನ್‌ನವರು ಹೊರತಂದ ಅವರ ಇಂಗ್ಲಿಷ್ ಕಥಾಸಂಕಲನಕ್ಕೂ ಇದೇ ಕಥೆಯ ಹೆಸರು ಸಿಕ್ಕಿತು. ಟ್ಯಾಗೋರರಿಗೆ ದೆವ್ವದ ಕಥೆ ಹೊಸದೇನಲ್ಲ. ‘ಕಂಕಾಲ’, ‘ನಿಶೀಥೆ’, ‘ಮಣಿಹಾರಾ’ ಎಲ್ಲ ಅದೇ ಸಾಲಿನವು. ಆದರೆ ಯುರೋಪಿನವರು ಗೋಥಿಕ್ ಎಂದು ಕರೆಯುವ ಕಥೆಯ ಸಾಮಾನು ಸರಂಜಾಮೆಲ್ಲ ಒಟ್ಟಿಗೆ ಸಿಗುವುದು ಇದೊಂದರಲ್ಲಿ: ಬರಿದಾದ ಅರಮನೆ, ಅಲ್ಲಿ ಒಬ್ಬನೇ ಇಳಿದುಕೊಳ್ಳುವ ಪರಸ್ಥಳದವನು, ಬೇಡಪ್ಪಾ ಎಂದು ತಡೆಯುವ ಮುದುಕ, ದಾರಿಯಲ್ಲಿ ಕೂಗಾಡುವ ಹುಚ್ಚ, ಸತ್ತು ಶತಮಾನಗಳು ಕಳೆದರೂ ಸಾಯದ ಹೆಣ್ಣು.

ಈ ಜಾತಿಯ ಬರವಣಿಗೆಗೆ ಮೂಲಪುರುಷ ಹೊರೇಸ್ ವಾಲ್‌ಪೋಲ್ ಎಂಬ ಇಂಗ್ಲಿಷರವನು. 1764ರಲ್ಲಿ ಅವನು ಬರೆದ ‘ಒಟ್ರಾಂಟೋ ಕೋಟೆ’ ಕಾದಂಬರಿ. ಈ ಬಗೆಯನ್ನು ಸಣ್ಣಕಥೆಯ ಅಳತೆಗೆ ತಂದವರಲ್ಲಿ ದೊಡ್ಡ ಹೆಸರು ಅಮೆರಿಕದ ಎಡ್ಗರ್ ಅಲನ್ ಪೋ. 1839ರ ಅವನ ‘ಅಷರ್ ಮನೆಯ ಪತನ’ದಲ್ಲಿ ಮನೆಯ ಯಜಮಾನ ರೋಡರಿಕ್‌ಗೆ ಒಂದು ನಂಬಿಕೆ: ತನ್ನ ಮನೆಯ ಗೋಡೆಯ ಕಲ್ಲುಗಳಿಗೆ ಅರಿವಿದೆ, ಅವೇ ತನ್ನ ವಂಶವನ್ನು ಹೀಗೆ ಆಡಿಸುತ್ತಿವೆ ಎಂದು. ಟ್ಯಾಗೋರರ ಕಲ್ಲಿಗೂ ಜೀವವಿದೆ, ಮೇಲೆ ಹಸಿವೂ ಇದೆ. ದೊಡ್ಡ ವ್ಯತ್ಯಾಸ ಇರುವುದು ಕೊನೆಯಲ್ಲಿ. ಪೋನ ಮನೆ ಬಿರುಕುಬಿಟ್ಟು ಎದುರಿನ ಕಪ್ಪು ಮಡುವಿನಲ್ಲಿ ಮುಳುಗಿಹೋಗುತ್ತದೆ, ಓದುಗ ಉಸಿರು ಬಿಡುತ್ತಾನೆ. ಟ್ಯಾಗೋರರ ಅರಮನೆಗೆ ಒಂದು ಗೀರೂ ಬೀಳುವುದಿಲ್ಲ.

ಕಥೆ ಶುರುವಾಗುವುದು ರೈಲು ಪ್ರಯಾಣದಲ್ಲಿ. ಪೂಜೆಯ ರಜೆ ಮುಗಿಸಿ ಕಲ್ಕತ್ತೆಗೆ ಹಿಂತಿರುಗುವ ನಿರೂಪಕ, ಜೊತೆಗೆ ಥಿಯಾಸಫಿಯ ಹುಚ್ಚು ಹತ್ತಿಸಿಕೊಂಡ ಅವನ ನೆಂಟ. ಗಾಡಿಯಲ್ಲಿ ಸಿಕ್ಕ ಅಪರಿಚಿತನೊಬ್ಬ ವೇದ, ವಿಜ್ಞಾನ, ಪಾರಸಿ ಕಾವ್ಯ ಎಲ್ಲವನ್ನೂ ಒಂದೇ ಉಸಿರಿಗೆ ಮಾತಾಡುತ್ತಾನೆ. ಜಂಕ್ಷನ್‌ನಲ್ಲಿ ಮುಂದಿನ ಗಾಡಿ ತಡ. ಕಾಯುವ ಕೋಣೆಯಲ್ಲಿ ಕುಳಿತು ಅವನು ಹಳೆಯದೊಂದು ಸಂಗತಿ ಎತ್ತುತ್ತಾನೆ. ಜುನಾಗಢದ ಕೆಲಸ ಬಿಟ್ಟು ಹೈದರಾಬಾದ್ ನಿಜಾಮರ ಚಾಕರಿಗೆ ಸೇರಿದ್ದಾಗ, ಬರೀಚ್ ಎಂಬಲ್ಲಿ ಹತ್ತಿಯ ಸುಂಕ ವಸೂಲಿಗೆ ಅವನನ್ನು ಹಾಕಿದ್ದರಂತೆ. ಶುಸ್ತಾ ನದಿಯ ದಂಡೆಯಿಂದ ನೂರೈವತ್ತು ಮೆಟ್ಟಿಲು ಹತ್ತಿದರೆ ಬಿಳಿ ಅಮೃತಶಿಲೆಯ ಒಂಟಿ ಅರಮನೆ. ಇನ್ನೂರೈವತ್ತು ವರ್ಷದ ಹಿಂದೆ ಎರಡನೆಯ ಶಾ ಮಹಮೂದ್ ತನ್ನ ಭೋಗಕ್ಕೆಂದು ಕಟ್ಟಿಸಿದ್ದು. ಕಚೇರಿಯ ಹಳೆಯ ಗುಮಾಸ್ತ ಕರೀಮ್ ಖಾನ್ ಹೇಳುತ್ತಾನೆ: ಹಗಲು ಇರು, ರಾತ್ರಿ ಬೇಡ. ಇವನು ನಕ್ಕು ಬಿಡುತ್ತಾನೆ.

ಟ್ಯಾಗೋರರು ಭಯವನ್ನು ಮೊದಲು ಕಣ್ಣಿಗೆ ತೋರಿಸುವುದಿಲ್ಲ, ಕಿವಿಗೆ ಕೇಳಿಸುತ್ತಾರೆ. ಬೇಸಿಗೆಯ ಒಂದು ಸಂಜೆ ಸುಂಕದವನು ನದಿಯ ಕಡೆಯ ಮೆಟ್ಟಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದಾನೆ. ಹಿಂದೆ ಹೆಜ್ಜೆ ಸಪ್ಪಳ. ತಿರುಗಿದರೆ ಯಾರೂ ಇಲ್ಲ. ಹತ್ತಾರು ಹುಡುಗಿಯರು ನಗುತ್ತ, ಒಬ್ಬರ ಬೆನ್ನಿಗೆ ಒಬ್ಬರು, ಅವನನ್ನು ದಾಟಿ ನೀರಿಗೆ ಓಡಿ ಇಳಿದಂತೆ ಕೇಳಿಸುತ್ತದೆ. ಬಳೆ ತೊಟ್ಟ ಕೈಗಳು ನೀರು ಎರಚಾಡಿದ ಸದ್ದು ಕೂಡ ಸ್ಪಷ್ಟ. ಆದರೆ ನದಿಯ ಮೇಲೆ ಒಂದು ಅಲೆಯೂ ಇಲ್ಲ. ಅವನಿಗೆ ಹೆದರಿಕೆಯಾಯಿತೋ ಖುಷಿಯಾಯಿತೋ ಅವನಿಗೇ ತಿಳಿಯದು. ಇಡೀ ಕಥೆಯ ಕೀಲಿ ಇಲ್ಲೇ ಇದೆ. ಅರಮನೆ ಅವನನ್ನು ಬೆದರಿಸಿ ಹಿಡಿಯುವುದಿಲ್ಲ, ಆಸೆ ತೋರಿಸಿ ಹಿಡಿಯುತ್ತದೆ.

ಹಗಲಲ್ಲಿ ಅವನು ಸೋಲಾ ಟೋಪಿ, ಮೋಟು ಕೋಟು ತೊಟ್ಟು, ಗಾಡಿ ಹೂಡಿಸಿಕೊಂಡು ಕಚೇರಿಗೆ ಹೋಗುವ ಸರ್ಕಾರಿ ನೌಕರ. ರಾತ್ರಿಯದೆಲ್ಲ ಅವನಿಗೇ ನಗೆಪಾಟಲು. ಹೊತ್ತು ಇಳಿಯಿತೋ, ಮಖಮಲ್ಲಿನ ಕೆಂಪು ಟೋಪಿ, ಸಡಿಲ ಪೈಜಾಮ, ಹೂಬಳ್ಳಿಯ ರೇಷ್ಮೆ ನಿಲುವಂಗಿ, ಅತ್ತರು ಪೂಸಿದ ಕರವಸ್ತ್ರ. ಸಿಗರೇಟಿನ ಜಾಗಕ್ಕೆ ಗುಲಾಬಿನೀರಿನ ಹುಕ್ಕಾ. ಒಂದು ಸಂಜೆ ಎದ್ದ ಸುಂಟರಗಾಳಿ, ಗೂಟಕ್ಕೆ ನೇತುಹಾಕಿದ್ದ ಆ ಕೋಟು ಟೋಪಿಗಳನ್ನು ಮರಳು ತರಗೆಲೆಗಳ ಜೊತೆ ಗಿರಗಿರನೆ ಎತ್ತಿಕೊಂಡು ಹೋಗುತ್ತದೆ. ಆ ಮೇಲೆ ಅವನು ಇಂಗ್ಲಿಷ್ ಉಡುಪನ್ನು ಮುಟ್ಟುವುದಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ಈ ಗಾಳಿಗೆ ಒಂದು ಆರ್ಭಟ ಸೇರಿಸುತ್ತಿದ್ದರು. ಟ್ಯಾಗೋರರ ಗಾಳಿ ನಗುತ್ತದೆ, ಅಷ್ಟೇ. ವಸಾಹತು ಕಾಲದ ನೌಕರನ ಇಬ್ಬಂದಿಯನ್ನು ಇಷ್ಟು ಹಗುರವಾಗಿ ಹೇಳಿದ ಕಥೆಗಳು ಕಡಿಮೆ.

ಈ ಅರಮನೆ ಟ್ಯಾಗೋರರಿಗೆ ಸಿಕ್ಕಿದ್ದು ಅಹಮದಾಬಾದಿನಲ್ಲಿ. ಅಣ್ಣ ಸತ್ಯೇಂದ್ರನಾಥರು ಇಂಡಿಯನ್ ಸಿವಿಲ್ ಸರ್ವಿಸ್ ಪಾಸಾದ ಮೊದಲ ಭಾರತೀಯ. ಮುಂಬಯಿ ಪ್ರಾಂತದಲ್ಲಿ ನ್ಯಾಯಾಧೀಶರು. 1878ರಲ್ಲಿ ಅವರ ಸರ್ಕಾರಿ ಬಿಡಾರ ಸಾಬರಮತಿ ದಂಡೆಯ ಶಾಹಿಬಾಗ್ ಅರಮನೆಯಲ್ಲಿತ್ತು. ಮುಂದೆ ಶಾಹಜಹಾನ್ ಎನಿಸಿಕೊಂಡ ಖುರ್ರಮ್, ಗುಜರಾತಿನ ಸುಬೇದಾರನಾಗಿದ್ದಾಗ ಕಟ್ಟಿಸಿದ್ದು. ಅಣ್ಣ ಕೋರ್ಟಿಗೆ ಹೋದ ಮೇಲೆ ಹದಿನೇಳರ ತಮ್ಮ ಆ ದೊಡ್ಡ ದೊಡ್ಡ ಕೋಣೆಗಳಲ್ಲಿ ಒಬ್ಬನೇ ಅಲೆಯುತ್ತಿದ್ದ; ಪಾರಿವಾಳಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ತಾವೇ ರಾಗ ಹಾಕಿದ ಮೊದಲ ಹಾಡುಗಳನ್ನು ಟ್ಯಾಗೋರರು ಕಟ್ಟಿದ್ದು ಆ ಅರಮನೆಯ ತಾರಸಿಯಲ್ಲಿ. ‘ಕ್ಷುಧಿತ ಪಾಷಾಣ’ದ ಎಳೆ ಹುಟ್ಟಿದ್ದೂ ಅಲ್ಲೇ ಎಂದು ಅವರು ಮುಪ್ಪಿನಲ್ಲಿ ಬರೆದ ಬಾಲ್ಯದ ನೆನಪುಗಳಲ್ಲಿ ದಾಖಲಿಸಿದ್ದಾರೆ.

ಅದೇ ಅಣ್ಣನಿಗೆ ಮುಂದೆ ಕಾರವಾರಕ್ಕೆ ವರ್ಗವಾಯಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಾಗಾಗದಿದ್ದರೆ ಈ ಬಂಗಾಳಿ ಜಡ್ಜ್ ಸಾಹೇಬರು ಈ ಕಡೆ ತಲೆ ಹಾಕುತ್ತಲೇ ಇರಲಿಲ್ಲ. 1883ರಲ್ಲಿ, ಮದುವೆಗೆ ಮುಂಚೆ, ರವೀಂದ್ರರು ಅಣ್ಣನ ಮನೆಯಲ್ಲಿ ಬಂದು ಉಳಿದರು. ಬೆಳದಿಂಗಳಲ್ಲಿ ಕಾಳಿ ನದಿಯ ದೋಣಿಯಾನ, ಗಾಳಿಮರದ ತೋಪು, ಮರಳ ಮೇಲೆ ನಡುರಾತ್ರಿಯ ನಡಿಗೆ ಎಲ್ಲ ಅವರ ‘ಜೀವನಸ್ಮೃತಿ’ಯಲ್ಲಿವೆ. ‘ಪ್ರಕೃತಿಯ ಪ್ರತಿಶೋಧ’ ನಾಟಕ ಬರೆದದ್ದು ಕಾರವಾರದಲ್ಲಿ. ಲೋಕವೆಲ್ಲ ಸುಳ್ಳೆಂದು ಬಿಟ್ಟು ಕೂತ ಸನ್ಯಾಸಿಯನ್ನು ಒಬ್ಬ ಅನಾಥ ಹುಡುಗಿ ಮತ್ತೆ ಲೋಕಕ್ಕೆ ಎಳೆಯುವ ನಾಟಕವದು. ಹನ್ನೆರಡು ವರ್ಷದ ನಂತರ ಬಂದ ಕಥೆಯಲ್ಲಿ ಅದೇ ಮಾತು ತಿರುಗುಮುರುಗಾಗಿದೆ: ಲೋಕದ ಲೆಕ್ಕ ಬರೆಯುವ ನೌಕರನನ್ನು ಇಲ್ಲದ ಹುಡುಗಿಯೊಬ್ಬಳು ಲೋಕದಿಂದ ಆಚೆಗೆ ಎಳೆಯುತ್ತಾಳೆ, ಎಲ್ಲ ಸುಳ್ಳು, ದೂರ ಹೋಗಿ ಎಂದು ಬೆಳಗಿನ ಜಾವ ಕೂಗುವ ಪಾಲು ಹುಚ್ಚ ಮೆಹೆರ್ ಅಲಿಯದು. ಎರಡನ್ನೂ ಒಟ್ಟಿಗಿಟ್ಟು ಓದಿದವರಿಗೆ ಕಥೆಯ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಇದೇ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಮುಂಡಗೋಡ ತಾಲ್ಲೂಕಿನಲ್ಲಿ ಸನವಳ್ಳಿ ಇದೆ. ಊರಿಗೆ ಒಂದು ಜಲಾಶಯ, ಸುತ್ತ ಗದ್ದೆ, ಆಚೆಗೆ ಕಾಡು. ಅಲ್ಲಿನ ಓದುಗನೊಬ್ಬ, ಎಂದರೆ ಈ ಸಾಲುಗಳನ್ನು ಬರೆಯುತ್ತಿರುವವನೇ, ಈ ಕಥೆಯನ್ನು ಮೊದಲು ಓದಿದ್ದು ಕರೆಂಟು ಹೋದ ಒಂದು ಮಳೆಗಾಲದ ರಾತ್ರಿ, ಚಿಮಣಿ ಬುಡ್ಡಿಯ ಬೆಳಕಿನಲ್ಲಿ. ಹೊತ್ತು ಮುಳುಗಿದ ಮ್ಯಾಲೆ ನೀರಿನ ಕಡೆ ಹೋಗಬ್ಯಾಡ ಎಂದು ಅವ್ವನಿಂದ ಹೇಳಿಸಿಕೊಂಡೇ ಬೆಳೆದವನಿಗೆ ಶುಸ್ತಾ ನದಿಯ ಮೆಟ್ಟಿಲು ಅಪರಿಚಿತವೇನೂ ಅನಿಸಲಿಲ್ಲ. ಸನವಳ್ಳಿಯ ಕಡೆ ಹೆದರಿದವರಿಗೆ ಗಾಳಿ ಸೋಕಿದೆ ಎನ್ನುತ್ತಾರೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ, ಅಂಗಾರ ಹಚ್ಚುತ್ತಾರೆ, ಮರುದಿನ ಹೊಲಕ್ಕೆ ಕಳಿಸುತ್ತಾರೆ. ಊರಿನ ದೆವ್ವಕ್ಕೆ ಹೆಸರಿರುತ್ತದೆ, ಯಾರ ಮನೆಯದೆಂದು ಗೊತ್ತಿರುತ್ತದೆ, ಅದು ಕೇಳುವ ಕೋಳಿಯ ಬಣ್ಣವೂ ಗೊತ್ತಿರುತ್ತದೆ. ಟ್ಯಾಗೋರರ ಅರಮನೆಯಲ್ಲಿ ಏನು ಕೊಟ್ಟರೆ ಹೋಗುತ್ತದೆ ಎಂದು ಹೇಳುವವರಿಲ್ಲ. ಹುಡುಗನಿಗೆ ಅಂದು ನಿದ್ದೆ ಬಾರದಿದ್ದುದಕ್ಕೆ ಕಾರಣ ಅದು.

ಆದರೆ ಅವನ ಕಣ್ಣು ನಿಂತದ್ದು ಆ ಅರಮನೆಯಲ್ಲಿ ಸುಳಿಯುವ ಇರಾನಿನ ಸುಂದರಿಯ ಮೇಲಲ್ಲ, ಬಾಗಿಲ ಕಾವಲುಗಾರನ ಮೇಲೆ. ಒಂದು ರಾತ್ರಿ ಅರಬ್ ದಾಸಿಯೊಬ್ಬಳು ಕೈಸನ್ನೆ ಮಾಡಿ ಸುಂಕದವನನ್ನು ಕತ್ತಲ ಓಣಿಗಳಲ್ಲಿ ಕರೆದೊಯ್ಯುತ್ತಾಳೆ. ಕಡುನೀಲಿ ಪರದೆಯ ಎದುರು ಜರತಾರಿ ಉಡುಪಿನ ಆಫ್ರಿಕದ ಖೋಜಾ ಒಬ್ಬ ಕಾಲು ಚಾಚಿ ಕುಳಿತು ತೂಕಡಿಸುತ್ತಿದ್ದಾನೆ, ತೊಡೆಯ ಮೇಲೆ ಬಿಚ್ಚುಗತ್ತಿ. ದಾಸಿ ಅವನ ಕಾಲುಗಳನ್ನು ಹಗುರಾಗಿ ದಾಟಿ ಪರದೆಯ ತುದಿ ಎತ್ತುತ್ತಾಳೆ. ಒಳಗೆ ಪಾರಸಿ ರತ್ನಗಂಬಳಿ, ಕೇಸರಿ ಬಣ್ಣದ ಪೈಜಾಮದ ಕೆಳಗೆ ಎರಡು ಪುಟ್ಟ ಪಾದ, ಹಣ್ಣಿನ ತಟ್ಟೆ, ಮದ್ಯದ ಹೂಜಿ; ಮುಖ ಮಾತ್ರ ಕಾಣುವುದಿಲ್ಲ. ಇವನು ಕಾಲೆತ್ತಿ ದಾಟಹೋದಾಗ ಖೋಜಾ ಬೆಚ್ಚಿಬೀಳುತ್ತಾನೆ, ಕತ್ತಿ ನೆಲಕ್ಕೆ ಠಣ್ಣೆಂದು ಬೀಳುತ್ತದೆ. ಎಚ್ಚರವಾದರೆ ತನ್ನದೇ ಮಂಚ, ಮೈಯೆಲ್ಲ ಬೆವರು, ಹೊರಗೆ ಮೆಹೆರ್ ಅಲಿಯ ಕೂಗು. ಆ ಇರಾನಿನ ಹುಡುಗಿ ಯಾರ ಮಡಿಲಿಂದ ಕಸಿದು ತಂದವಳು, ಯಾವ ಸಂತೆಯಲ್ಲಿ ಮಾರಾಟವಾದವಳು ಎಂದು ಸುಂಕದವನು ಮುಂದೆ ಮರುಗುತ್ತಾನೆ. ಅವಳಂತೆಯೇ ಸಮುದ್ರ ದಾಟಿ ಮಾರಾಟವಾಗಿ ಬಂದವನು ಈ ಖೋಜಾ. ಅವನ ಊರು ಯಾವುದು, ತಾಯಿ ಯಾರು ಎಂದು ಕಥೆಯಲ್ಲಿ ಯಾರೂ ಕೇಳುವುದಿಲ್ಲ.

ಮುಂಡಗೋಡ, ಹಳಿಯಾಳ, ಯಲ್ಲಾಪುರದ ಕಡೆಯವರಿಗೆ ಈ ಮೌನ ಕಣ್ಣಿಗೆ ಹೊಡೆಯುತ್ತದೆ, ಏಕೆಂದರೆ ಅಲ್ಲಿ ಸಿದ್ದಿಗಳು ನೆರೆಹೊರೆಯವರು. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕನ್ ಗುಲಾಮರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಈ ಕಾಡುಗಳಲ್ಲಿ ನೆಲೆಸಿದರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಉಂಟು; ಡಮಾಮಿಯ ಬಡಿತ ಮೂವರಿಗೂ ಒಂದೇ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ದಖ್ಖನಿನಲ್ಲಿ ಆಫ್ರಿಕದವರೆಂದರೆ ಬಾಗಿಲು ಕಾಯುವವರಷ್ಟೇ ಆಗಿರಲೂ ಇಲ್ಲ. ಇಥಿಯೋಪಿಯದಿಂದ ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರದ ರಾಜ್ಯವನ್ನೇ ನಡೆಸಿದ. ಬಿಜಾಪುರದ ಆದಿಲಶಾಹಿ ದರಬಾರಿನಲ್ಲಿ ಇಖ್ಲಾಸ್ ಖಾನ್ ಮಂತ್ರಿಯಾದ. ಮಲಿಕ್ ಅಂಬರನ ಮೇಲೆ ಎರಡು ಸಲ ದಂಡೆತ್ತಿ ಬಂದ ಮೊಗಲ ರಾಜಕುಮಾರ ಬೇರೆ ಯಾರೂ ಅಲ್ಲ, ಶಾಹಿಬಾಗ್ ಅರಮನೆ ಕಟ್ಟಿಸಿದ ಅದೇ ಖುರ್ರಮ್. ಈ ಇತಿಹಾಸ ಕಥೆಯೊಳಗೆ ಬಂದಿದ್ದರೆ ಚೆನ್ನಾಗಿತ್ತು ಎನ್ನಲಾಗದು, ಸುಂಕದವನ ಕನಸಿಗೆ ಅಷ್ಟು ದೂರ ಕಾಣುವುದೂ ಇಲ್ಲ. ಗೋಥಿಕ್ ಕಥೆಗಳಲ್ಲಿ ಕಾವಲಿನವರು, ಆಳುಗಳು, ಅಡುಗೆಯವರು ಬಹುಮಟ್ಟಿಗೆ ಬಾಗಿಲು ಕಿಟಕಿಗಳ ಲೆಕ್ಕಕ್ಕೆ ಸೇರಿದವರು. ಮನೆ ಕಾಡುವುದು ಒಡೆಯರನ್ನು. ಟ್ಯಾಗೋರರು ಒಂದು ಹೆಜ್ಜೆ ಮುಂದೆ ಹೋಗಿ ಮಾರಾಟವಾದ ಹೆಣ್ಣಿಗೆ ಕಾಡುವ ಹಕ್ಕು ಕೊಟ್ಟರು. ಕಾವಲುಗಾರನನ್ನು ನಿದ್ದೆಗೆ ಬಿಟ್ಟರು.

ಕೊನೆಗೆ ಸುಂಕದವನು ಕರೀಮ್ ಖಾನನ ಬಳಿ ಓಡುತ್ತಾನೆ. ಮುದುಕ ಹೇಳುವುದು ಇಷ್ಟು: ಆ ಅರಮನೆಯಲ್ಲಿ ತೀರದ ಆಸೆಗಳು ಉರಿದಿವೆ, ಅದರ ಬಿಸಿಗೆ ಕಲ್ಲು ಕಲ್ಲಿಗೂ ಹಸಿವು; ಮೂರು ರಾತ್ರಿ ಕಳೆದವರಲ್ಲಿ ಜೀವಸಹಿತ ಹೊರಬಂದವನು ಮೆಹೆರ್ ಅಲಿ ಒಬ್ಬನೇ, ಅವನಿಗೂ ತಲೆ ಕೆಟ್ಟಿತು. ಪಾರಾಗುವ ದಾರಿ ಒಂದಿದೆ, ಅದಕ್ಕೆ ಮೊದಲು ಆ ಇರಾನಿ ದಾಸಿಯ ಕಥೆ ಕೇಳಬೇಕು. ಅಷ್ಟರಲ್ಲಿ ಜಂಕ್ಷನ್‌ಗೆ ರೈಲು ಬರುತ್ತದೆ. ಮೊದಲ ದರ್ಜೆಯ ಡಬ್ಬಿಯಿಂದ ಒಬ್ಬ ಇಂಗ್ಲಿಷರವನು ಕಥೆ ಹೇಳುತ್ತಿದ್ದವನ ಗುರುತು ಹಿಡಿದು ಒಳಗೆ ಕರೆದುಕೊಳ್ಳುತ್ತಾನೆ. ನಿರೂಪಕನದು ಎರಡನೆಯ ದರ್ಜೆ. ಕಥೆ ಮುಗಿಯಿತು. ನಿರೂಪಕ ಇದು ಕಟ್ಟುಕಥೆ ಎನ್ನುತ್ತಾನೆ, ಥಿಯಾಸಫಿಸ್ಟ್ ನೆಂಟ ಒಪ್ಪುವುದಿಲ್ಲ. ಇಬ್ಬರಿಗೂ ಜನ್ಮಕ್ಕಾಗುವಷ್ಟು ಮುನಿಸು.

ನಿಜವೋ ಸುಳ್ಳೋ ತೀರ್ಮಾನವಾಗದೆ ಓದುಗ ತೂಗಾಡುವುದೇ ಈ ಜಾತಿಯ ಕಥೆಯ ಪ್ರಾಣ ಎಂದು ತ್ಸ್ವೆತಾನ್ ತೊದೊರೋವ್ ಎಂಬ ವಿಮರ್ಶಕ 1970ರ ತನ್ನ ಪುಸ್ತಕದಲ್ಲಿ ಸಿದ್ಧಾಂತ ಕಟ್ಟಿದ. ಟ್ಯಾಗೋರರು ಅದನ್ನು ಎಪ್ಪತ್ತೈದು ವರ್ಷ ಮೊದಲೇ ಒಂದು ರೈಲ್ವೆ ವೇಳಾಪಟ್ಟಿಯಿಂದ ಸಾಧಿಸಿದ್ದರು. 1990ರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ ಮನೆಬಾಗಿಲಿಗೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಹಿಂದಕ್ಕೆ ಕಳಿಸುತ್ತಿದ್ದರು. ಮುಂದೂಡಿದರೆ ದೆವ್ವ ಸೋಲುತ್ತದೆ ಎಂಬ ಲೆಕ್ಕ ಅಲ್ಲಿಯದು. ಇಲ್ಲಿ ಮುಂದೂಡಿದ್ದರಿಂದಲೇ ಅದು ಗೆದ್ದಿದೆ: ಬಿಡುಗಡೆಯ ದಾರಿ ಹೇಳದೆ ಉಳಿದ ಕಾರಣ ಕಲ್ಲುಗಳು ಇಂದಿಗೂ ಹಸಿದೇ ಇವೆ. ಕಥೆ ಅರ್ಧಕ್ಕೆ ನಿಂತಿತೆಂದು ದೂರುವವರು ಇದನ್ನು ಗಮನಿಸುವುದಿಲ್ಲ.

1960ರಲ್ಲಿ ತಪನ್ ಸಿನ್ಹಾ ಈ ಕಥೆಯನ್ನು ಬಂಗಾಳಿ ಸಿನಿಮಾ ಮಾಡಿದರು. ಸುಂಕದವನಾಗಿ ಸೌಮಿತ್ರ ಚಟರ್ಜಿ, ಅರಮನೆಯ ಹೆಣ್ಣಾಗಿ ಅರುಂಧತಿ ದೇವಿ, ಸಂಗೀತ ಉಸ್ತಾದ್ ಅಲಿ ಅಕ್ಬರ್ ಖಾನರದು. ಸರೋದ್ ಕೇಳಲಿಕ್ಕಾದರೂ ನೋಡಬೇಕಾದ ಚಿತ್ರ. ಆದರೆ ಪುಟದ ಮೇಲೆ ಪರದೆಯ ಹಿಂದೆ ಉಳಿದಿದ್ದವಳಿಗೆ ತೆರೆಯ ಮೇಲೆ ಒಂದು ನಿಶ್ಚಿತ ಮುಖ ಬಂದುಬಿಡುತ್ತದೆ, ಹೆದರಿಕೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಎರಡೂ ಸಿಕ್ಕುವ ಓದುಗರು ಮೊದಲು ಕಥೆ ಓದಿ, ಆಮೇಲೆ ಸಿನಿಮಾ ನೋಡುವುದು ಒಳ್ಳೆಯದು.