ಬೋರ್ಡಿನಲ್ಲಿ ಬರೆಯದ ಮಾತು

ಹೆಬ್ಬಾಳದ ಆ ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳ ಬೋರ್ಡಿತ್ತು. ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. 1994ರ ಕಾಯ್ದೆ ಹಾಕಿಸಿದ ಬೋರ್ಡು, ಬೇಕಾದದ್ದೇ. ಆದರೆ ಇಂಥ ಬೋರ್ಡುಗಳನ್ನು ಓದಿ ಓದಿ ಆರ್.ಟಿ. ನಗರದ ನಮ್ಮ ಮನೆಯಲ್ಲಿ ನಾವು ಕಲಿತದ್ದು ತಪ್ಪು ಪಾಠ. ಸ್ಕ್ಯಾನ್ ಎಂದರೆ ಗಂಡೋ ಹೆಣ್ಣೋ ನೋಡುವ ಯಂತ್ರ, ನಮಗೇಕೆ ಅದು, ಅಲ್ಲಾಹ್ ಕೊಟ್ಟದ್ದು ಸಾಕು ಎಂದುಕೊಂಡೆವು. ತಂಗಿಗೆ ಐದನೇ ತಿಂಗಳ ಸ್ಕ್ಯಾನಿಗೆಂದು ಬರೆದುಕೊಟ್ಟ ಚೀಟಿ ರಂಜಾನಿನ ಗಡಿಬಿಡಿಯಲ್ಲಿ ಕಪಾಟಿನಲ್ಲೇ ಉಳಿಯಿತು.

2018ರ ಮಾತು. ಈದ್ ಮುಗಿಸಿ ನಾವು ಹೋಗುವಷ್ಟರಲ್ಲಿ 22 ವಾರ ದಾಟಿತ್ತು. ವೈದ್ಯೆ ಬಹಳ ಹೊತ್ತು ಮಾತಾಡದೆ ನೋಡಿದರು. ಆಮೇಲೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯಲ್ಲಿ ರಂಧ್ರ. ಅದರೊಳಗಿಂದ ಜಠರ, ಕರುಳು ಮೇಲೇರಿ ಎದೆಯಲ್ಲಿ ಕುಳಿತಿವೆ. ಹೃದಯ ಬಲಕ್ಕೆ ಸರಿದಿದೆ, ಶ್ವಾಸಕೋಶ ಬೆಳೆಯಲು ಜಾಗವಿಲ್ಲ. ಕೆಲವು ಸಾವಿರ ಹೆರಿಗೆಗಳಲ್ಲಿ ಒಂದಕ್ಕೆ ಹೀಗಾಗುತ್ತದಂತೆ.

ಅಮ್ಮಿ ಮೌಲ್ವಿ ಸಾಹೇಬರ ಬಳಿ ಕಳಿಸಿದರು. ಅವರು ಕೇಳಿದ ಮೊದಲ ಮಾತು: "ಎಷ್ಟು ದಿನವಾಯಿತು?" ಹದೀಸಿನ ಆಧಾರದ ಮೇಲೆ ಬಹುಪಾಲು ಉಲಮಾಗಳು 120 ದಿನಕ್ಕೆ ಶಿಶುವಿನಲ್ಲಿ ರೂಹ್ ಊದಲ್ಪಡುತ್ತದೆ ಎನ್ನುತ್ತಾರೆ. ಅದಕ್ಕೆ ಮುಂಚೆ, ವಾಸಿಯಾಗದ ತೀವ್ರ ವಿಕಲತೆಯನ್ನು ತಜ್ಞ ವೈದ್ಯರು ದೃಢಪಡಿಸಿದರೆ, ತಾಯ್ತಂದೆಯರ ಕೋರಿಕೆಯ ಮೇಲೆ ಗರ್ಭ ತೆಗೆಸಬಹುದೆಂದು ಮಕ್ಕಾದ ಫಿಕ್‌ಹ್ ಮಂಡಳಿ 1990ರಲ್ಲಿ ಹೇಳಿತ್ತು. ವೈದ್ಯರು ವಾರ ಎಣಿಸುವುದು ಕಡೆಯ ಮುಟ್ಟಿನಿಂದ. ಗರ್ಭ ನಿಲ್ಲುವುದು ಅದಾಗಿ ಸುಮಾರು ಎರಡು ವಾರಕ್ಕೆ. ಹಾಗಾಗಿ 120 ದಿನ ತುಂಬುವುದು ಅವರ ಲೆಕ್ಕದ 19 ವಾರ ಮುಗಿದ ಕೂಡಲೇ. ಅಂಗಾಂಗ ನೋಡುವ ಸ್ಕ್ಯಾನ್ ಮಾಡುವುದೂ ಸಾಮಾನ್ಯವಾಗಿ 18ರಿಂದ 20 ವಾರದೊಳಗೆ. ಕೇಳಲು, ಯೋಚಿಸಲು, ಅಳಲು ಇರುವುದು ಅಷ್ಟೇ ದಿನ. ಅದನ್ನು ನಾವು ಕಪಾಟಿನಲ್ಲಿಟ್ಟು ಕಳೆದಿದ್ದೆವು. ದೇಶದ ಕಾನೂನಿನ ಮಿತಿಯೂ ಆಗ 20 ವಾರವಿತ್ತು. 2021ರ ತಿದ್ದುಪಡಿಯ ನಂತರ ಗಂಭೀರ ವಿಕಲತೆಯಿದ್ದರೆ 24 ವಾರ ದಾಟಿದರೂ ವೈದ್ಯಕೀಯ ಮಂಡಳಿ ತೀರ್ಮಾನಿಸಬಹುದು.

ಎರಡೂ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಸಿದ್ಧತೆ. ಯಲಹಂಕದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಆಗಬೇಕಿದ್ದ ಹೆರಿಗೆಯನ್ನು ನವಜಾತ ಶಿಶುಗಳ ಐಸಿಯು, ಮಕ್ಕಳ ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೆ ಬದಲಿಸಿದೆವು. ಹುಟ್ಟಿದ ಕೂಡಲೇ ಗಂಟಲಿಗೆ ನಳಿಕೆ, ವೆಂಟಿಲೇಟರ್, ನಾಲ್ಕನೇ ದಿನ ಆಪರೇಷನ್. ಮೊದಲೇ ಗೊತ್ತಿಲ್ಲದಿದ್ದರೆ ಆ ಮೊದಲ ಗಂಟೆಯಲ್ಲೇ ಮಗುವನ್ನು ಕಳೆದುಕೊಳ್ಳುತ್ತಿದ್ದೆವೇನೋ.

ಹೆಣ್ಣು ಮಗು. ಬದುಕಿದಳು. ಈಗ ಶಾಲೆಗೆ ಹೋಗುತ್ತಾಳೆ, ಹೊಟ್ಟೆಯ ಮೇಲಿನ ಗೆರೆಯನ್ನು ಗೆಳತಿಯರಿಗೆ ತೋರಿಸುತ್ತಾಳೆ.

ಆದರೆ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಚೀಟಿ ಕಪಾಟಿನಲ್ಲಿ ಉಳಿಯದಿದ್ದರೆ, ಬಾಗಿಲು ತೆರೆದೇ ಇದ್ದಿದ್ದರೆ, ಅಂದಿನ ಹೆದರಿಕೆಯಲ್ಲಿ ನಾವು ಏನು ಮಾಡುತ್ತಿದ್ದೆವು? ತಂಗಿಯನ್ನು ಇದುವರೆಗೂ ಕೇಳಿಲ್ಲ. ತಲೆಬುರುಡೆಯೇ ಬೆಳೆಯದ, ಉಳಿಯುವ ಆಸೆಯೇ ಇಲ್ಲದ ಮಗುವನ್ನು ಹೊತ್ತ ತಾಯಂದಿರೂ ಇದ್ದಾರೆ. ನಮ್ಮ ಮಗು ಬದುಕಿತೆಂದು ಅವರ ತೀರ್ಮಾನವನ್ನು ಅಳೆಯುವ ಅಧಿಕಾರ ನಮಗೆ ಬರುವುದಿಲ್ಲ.

ನಮಗೆ ಗೊತ್ತಿರುವುದು ಇಷ್ಟೇ. ಬಂಧುಬಳಗದಲ್ಲಿ ಯಾರು ಬಸುರಿಯೆಂದು ತಿಳಿದರೂ, ಮುಬಾರಕ್ ಹೇಳಿದ ಮೇಲೆ ಈಗ ಒಂದು ಮಾತು ಕೇಳುತ್ತೇವೆ: "ಐದನೇ ತಿಂಗಳ ಸ್ಕ್ಯಾನಿಗೆ ಯಾವತ್ತು ಹೋಗುತ್ತೀಯಮ್ಮ?"