ಇಂಗ್ಲಿಷ್ ಹೇಳಿಕೊಡಲು ಊರು ಬಿಟ್ಟವರು

ನನ್ನ ಹತ್ತಿರ ಓದಿದ ಮಸ್ಕಿಯ ಹುಡುಗನೊಬ್ಬ ಈಗ ವಿಯೆಟ್ನಾಮಿನಲ್ಲಿ ಇಂಗ್ಲಿಷ್ ಮಾಸ್ತರ. ಹೇಳಿದರೆ ಸಿಂಧನೂರಿನಲ್ಲಿ ಅನೇಕರು ನಂಬುವುದಿಲ್ಲ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು ಆಡಿ ಬೆಳೆದವನು, ಇಂಗ್ಲಿಷನ್ನು ಹೈಸ್ಕೂಲಿನಲ್ಲಿ ಹೆಣಗಿ ಕಲಿತವನು, ಅದನ್ನು ಪರದೇಶದ ಮಕ್ಕಳಿಗೆ ಹೇಳಿಕೊಡುವುದೆಂದರೇನು ಎಂದು ಕೇಳುತ್ತಾರೆ. ಹೆಣಗಿ ಕಲಿತದ್ದೇ ಅವನ ಬಂಡವಾಳ ಎಂದು ನಾನು ಹೇಳುತ್ತೇನೆ. ನಾವು ಇಂಗ್ಲಿಷ್ ಶಬ್ದದ ಕೊನೆಗೆ ಒಂದು ಸ್ವರ ಸೇರಿಸಿ ಬಸ್ಸು, ಕಾರು, ಪೆನ್ನು ಅನ್ನುತ್ತೇವೆ. ಅಲ್ಲಿನ ಮಕ್ಕಳು ಶಬ್ದದ ಕೊನೆಯ ವ್ಯಂಜನವನ್ನೇ ನುಂಗಿಬಿಡುತ್ತಾರಂತೆ. ತನ್ನ ನಾಲಿಗೆಯನ್ನು ತಾನೇ ತಿದ್ದಿಕೊಂಡವನಿಗೆ ಅವರು ಎಲ್ಲಿ ಎಡವುತ್ತಾರೆಂದು ಬೇಗ ತಿಳಿಯಿತು. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವನಿಗೆ ಆ ಹೆಣಗಾಟ ಗೊತ್ತಿರುವುದಿಲ್ಲ.

ಆದರೆ ನೌಕರಿ ಕೊಡುವವರು ಹೀಗೆ ಯೋಚಿಸುವುದಿಲ್ಲ. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳ ಪಾಸ್‌ಪೋರ್ಟ್ ಇದ್ದವರಿಗೆ ಮೊದಲ ಮಣೆ, ಸಂಬಳವೂ ಹೆಚ್ಚು. ನಮ್ಮವರು ಪದವಿ ತೋರಿಸಬೇಕು, ಇಂಗ್ಲಿಷ್ ಬೋಧನೆಯ ಪ್ರಮಾಣಪತ್ರ ತೋರಿಸಬೇಕು, ಎದುರಿಗೆ ಒಂದು ಪಾಠ ಮಾಡಿಯೂ ತೋರಿಸಬೇಕು. ಇದು ಅನ್ಯಾಯ. ಹೊರಡುವವರು ಇದನ್ನು ತಿಳಿದೇ ಹೊರಡಬೇಕು. ಏಜೆಂಟರ ಮಾತು ನಂಬಿ ಪ್ರವಾಸಿ ವೀಸಾದ ಮೇಲೆ ಹೋಗಿ ಪಾಠ ಮಾಡುವುದಂತೂ ಬೇಡವೇ ಬೇಡ.

ಅವನು ಫೋನಿನಲ್ಲಿ ಹೇಳಿದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. "ಸರ, ಇಲ್ಲಿ ಮಂದಿ ಭೆಟ್ಟಿ ಆದ ಕೂಡ್ಲೆ ವಯಸ್ಸು ಕೇಳ್ತಾರ್ರಿ." ವಯಸ್ಸು ತಿಳಿಯದೆ ಅಲ್ಲಿ ಮಾತೇ ಮುಂದುವರಿಯದು. ಎದುರಿನವರನ್ನು ಅಣ್ಣ ಅನ್ನಬೇಕೋ ತಮ್ಮ ಅನ್ನಬೇಕೋ, ಅಕ್ಕನೋ ಕಾಕಾನೋ ಎಂಬುದು ಅದರ ಮೇಲೆಯೇ ನಿಂತಿದೆ. ಜೊತೆಯ ಇಂಗ್ಲೆಂಡಿನ ಮಾಸ್ತರನಿಗೆ ಈ ಪ್ರಶ್ನೆ ಮುಜುಗರ ತಂದಿತಂತೆ. ನಮ್ಮವನಿಗೆ ಏನೂ ಅನ್ನಿಸಲಿಲ್ಲ. ಯಾವ ಊರು, ಯಾರ ಪೈಕಿ, ಮದುವಿ ಆಗೇತೇನು ಎಂಬಷ್ಟನ್ನು ಬಸ್ಸು ಮಸ್ಕಿಯಿಂದ ಲಿಂಗಸುಗೂರು ಮುಟ್ಟುವುದರೊಳಗೆ ವಿಚಾರಿಸಿ ಮುಗಿಸುವ ಸೀಮೆಯವನು ಅವನು. ಊಟದ ಚಿಂತೆಯೂ ಹೀಗೇ ಕಳೆಯಿತು. ಅಲ್ಲಿನ ಬೌದ್ಧರಲ್ಲಿ ಅನೇಕರು ಅಮಾವಾಸ್ಯೆ, ಹುಣ್ಣಿಮೆಗೆ ಮಾಂಸ ಮುಟ್ಟುವುದಿಲ್ಲ. ಅಂಥವರಿಗೆಂದೇ ಸಸ್ಯಾಹಾರದ ಅಂಗಡಿಗಳಿವೆ. ನಮ್ಮ ಹುಡುಗನಿಗೆ ನಿತ್ಯದ ಊಟ ಅಲ್ಲಿಯೇ. ಅನ್ನಕ್ಕೆ ಕೊರತೆಯಿಲ್ಲದ ದೇಶ, ಆದರೆ ಜ್ವಾಳದ ರೊಟ್ಟಿ, ಪುಂಡಿಪಲ್ಯ ಎಲ್ಲಿಂದ ಬರಬೇಕು? ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯನ್ನು ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಾನೆ.

ಮಸ್ಕಿ ಎಂದಾಗ ಅಶೋಕನ ಶಾಸನ ನೆನಪಾಗದೆ ಇರುವುದಿಲ್ಲ. 1915ರಲ್ಲಿ ಬಂಗಾರದ ನಿಕ್ಷೇಪ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿತ್ತು ಅದು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಅದರಲ್ಲಿದ್ದುದರಿಂದ ಇತಿಹಾಸಕಾರರ ದೊಡ್ಡದೊಂದು ಸಂದೇಹ ತೀರಿತು. ನನಗೆ ಮಾತ್ರ ಅರಸನಿಗಿಂತ ಬರೆದವರ ಮೇಲೆ ಅಕ್ಕರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನದ ಕೊನೆಗೆ ಚಪಡ ಎಂಬ ಲಿಪಿಕಾರ ತನ್ನ ಹೆಸರು ಬರೆದು, ತನ್ನ ಕಸುಬನ್ನು ಖರೋಷ್ಠಿ ಲಿಪಿಯಲ್ಲಿ ಸೇರಿಸಿದ್ದಾನೆ. ಅದು ವಾಯವ್ಯದ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯುವಂಥದ್ದು. ಈ ನಾಡಿನಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ಯಾರಿಗೂ ಓದಲು ಬಾರದ ಅಕ್ಷರದಲ್ಲಿ ಅಷ್ಟನ್ನು ಬರೆದವನಿಗೆ ಊರು ಎಷ್ಟು ನೆನಪಾಗಿತ್ತೋ. ಅಕ್ಷರ ಹೊತ್ತು ದೂರ ಹೋಗುವ ಕೆಲಸ ನಮ್ಮ ಸೀಮೆಗೆ ಅಷ್ಟು ಹಳೆಯದು.

ಲಿಂಗಸುಗೂರಿಗೆ ಇಂಗ್ಲಿಷ್ ಬಂದದ್ದು ದಂಡಿನ ಜೊತೆಗೆ. ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಛಾವಣಿ ಅಲ್ಲಿತ್ತು. 1905ರವರೆಗೆ ಊರು ನಿಜಾಮರ ಜಿಲ್ಲಾ ಕೇಂದ್ರವೂ ಆಗಿತ್ತು. ಕೃಷ್ಣೆ ದಾಟಿದರೆ ಸುರಪುರ. ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲಿ ಮುಂಬಯಿಗೆ ಬಂದಿಳಿದ ಮೆಡೋಸ್ ಟೇಲರ್ 1841ರಲ್ಲಿ ಆ ಸಂಸ್ಥಾನಕ್ಕೆ ಬ್ರಿಟಿಷ್ ಅಧಿಕಾರಿಯಾಗಿ ಬಂದ. ಬಾಲಕನಾಗಿದ್ದ ವೆಂಕಟಪ್ಪ ನಾಯಕ ಅವನ ಕಣ್ಣೆದುರಿಗೆ ಬೆಳೆದ, ಅವನನ್ನು ಅಪ್ಪಾ ಎಂದೇ ಕರೆದ. ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಮನೆ ಈಗಲೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ಅದೇ ಹುಡುಗ ಅರಸನಾಗಿ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೆರೆಸಿಕ್ಕ. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡ. ಟೇಲರನ ಪ್ರೀತಿ ಸುಳ್ಳೆಂದು ನಾನು ಹೇಳಲಾರೆ. ಆದರೂ ಬೆನ್ನ ಹಿಂದೆ ಸರ್ಕಾರ ಇಟ್ಟುಕೊಂಡು ಬಂದವನು ಎಷ್ಟು ಬೆರೆತರೂ ಪೂರ್ತಿ ನಮ್ಮವನಾಗಲಿಲ್ಲ. ನಮ್ಮ ಹುಡುಗನ ಹಿಂದೆ ಅಂಥ ಯಾವ ಅಧಿಕಾರವೂ ಇಲ್ಲ. ಬಾಡಿಗೆ ಮನೆಯ ಮುದುಕಿಯ ಹತ್ತಿರ ಭಾಷೆ ಕಲಿಯುತ್ತಾನೆ, ಅವಳು ನಕ್ಕು ತಿದ್ದಿದರೆ ತಿದ್ದಿಕೊಳ್ಳುತ್ತಾನೆ. ನಾಡಿನೊಳಕ್ಕೆ ಹೋಗಲು ಇದೇ ಒಳ್ಳೆಯ ದಾರಿ.

ಬಂದು ನೆಲೆಸುವುದು ಹೇಗೆಂದು ನೋಡಲು ಸಿಂಧನೂರಿನವರು ವಿಯೆಟ್ನಾಮಿಗೆ ಹೋಗಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿ ಭತ್ತ ಬೆಳೆದರು. ಪೂರ್ವ ಪಾಕಿಸ್ತಾನದಲ್ಲಿ ಮನೆಮಠ ಕಳೆದುಕೊಂಡ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟು ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಗೊಳಿಸಿತು. ಮನೆಯಲ್ಲಿ ಬಂಗಾಳಿ ಮಾತು, ದಸರೆಗೆ ದುರ್ಗಾಪೂಜೆ, ಶಾಲೆಯಲ್ಲಿ ಕನ್ನಡ. ಆ ಹುಡುಗರು ನಮ್ಮ ಧಾಟಿಯಲ್ಲೇ "ಬರ್ರಿ ಸರ, ಕುಂದರ್ರಿ" ಎಂದಾಗ ನನಗೆ ಆಗುವ ಸಂತೋಷ ದೊಡ್ಡದು. ನಮ್ಮ ಹಿರಿಯರೂ ಕಡಿಮೆಯವರಲ್ಲ. 1948ಕ್ಕೆ ಮುಂಚೆ ಇಲ್ಲಿ ದೊಡ್ಡ ಓದೆಲ್ಲ ಉರ್ದುವಿನಲ್ಲಿ. ಊರು ಬಿಡದೆಯೇ ಪರಭಾಷೆಯಲ್ಲಿ ಓದಿ ಮುಂದೆ ಬಂದವರು ಅವರು.

ಇನ್ನು ನಮ್ಮ ಶಾಲೆಗಳ ಮಾತು. ಮೈಸೂರು, ಹಾಸನದ ಕಡೆಯಿಂದ ಇಂಗ್ಲಿಷ್ ಕಲಿಸಲು ಬರುವ ತರುಣ ಶಿಕ್ಷಕರಿಗೆ ರಾಯಚೂರು ಜಿಲ್ಲೆಯೇ ಪರದೇಶ. ಬಿಸಿಲು, ರೊಟ್ಟಿ, ಗಡುಸು ಮಾತು, ಎಲ್ಲವೂ ಹೊಸದು. ಬಂದ ದಿನದಿಂದಲೇ ವರ್ಗಾವಣೆಯ ದಾರಿ ಕಾಯುವವರಿದ್ದಾರೆ. ಅವರನ್ನು ನಾನು ದೂರುವುದಿಲ್ಲ. ಹೊಸ ಮಾಸ್ತರನಿಗೆ ಒಂದು ಬಾಡಿಗೆ ಕೋಣೆ ಕೊಡಲು ಜಾತಿ ಕೇಳುವ ಊರು, ಅವನು ನಿಲ್ಲಲಿಲ್ಲವೆಂದು ಬೇಸರಪಡುವುದು ನ್ಯಾಯವಲ್ಲ. ಹಾಗೆ ಬಂದು ಬೆರೆತವರೂ ಉಂಟು. ಕವಿ ಎ.ಕೆ. ರಾಮಾನುಜನ್ ಮೈಸೂರಿನವರು. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಇಂಗ್ಲಿಷ್ ಕಲಿಸಲು ಬಂದರು, ಆ ಸೀಮೆಯ ಹೆಂಗಸರ ಬಾಯಿಂದ ಕಥೆ ಕೇಳಿ ಬರೆದಿಟ್ಟುಕೊಂಡರು. ಮುಂದೆ ಷಿಕಾಗೊದಲ್ಲಿ ಕುಳಿತಾಗಲೂ ಆ ಕಥೆಗಳು ಅವರ ಜೊತೆಗಿದ್ದವು. ಹೊರಗಿನ ಮಾಸ್ತರನಿಗೆ ಒಂದು ತಾಟು ಮಂಡಾಳ ಒಗ್ಗರಣಿ, ಎರಡು ಮಿರ್ಚಿ ಕೊಟ್ಟು ಕಟ್ಟೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುವ ಅಜ್ಜಿಯರು ನಮ್ಮಲ್ಲೂ ಇದ್ದಾರೆ.

ಟೇಲರ್ ನಮ್ಮ ಸೀಮೆಯಲ್ಲಿ ಕಂಡದ್ದನ್ನು ಆತ್ಮಕಥೆಯಲ್ಲಿ ಬರೆದಿಟ್ಟ. ಅವನು ತೀರಿದ ಮರುವರ್ಷ, 1877ರಲ್ಲಿ ಅದು ಅಚ್ಚಾಯಿತು. ಈಗ ಸರದಿ ನಮ್ಮದು. ಸಿಂಧನೂರು, ಲಿಂಗಸುಗೂರು, ಮಸ್ಕಿಯಿಂದ ಹೊರದೇಶಕ್ಕೆ ಹೋಗಿ ಕಲಿಸುತ್ತಿರುವ ತಮ್ಮಂದಿರೇ, ತಂಗಿಯರೇ, ಅಲ್ಲಿನ ಶಾಲೆ, ಸಂತೆ, ಹೊಲ, ಮನೆ ಹೇಗಿವೆ ಎಂಬುದನ್ನು ಕನ್ನಡದಲ್ಲಿ ಬರೆದು ಕಳಿಸಿರಿ. ಓದಲು ನಾವಿದ್ದೇವೆ.